ಯಾವ ಬಾಟ್ಲೀಲಿ ತಂದ್ರಿ?

ಹಾಸನದಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ 31 ವರ್ಷ ಕೂತವಳು ನಾನು. ಬಂದವರ ಹೆಸರು, ಊರು ಕೇಳುವ ಮೊದಲೇ ನನ್ನ ಬಾಯಿಂದ ಬರುತ್ತಿದ್ದ ಪ್ರಶ್ನೆ ಮೇಲೆ ಬರೆದದ್ದು. ಬ್ರಾಂದಿ ಬಾಟಲಿ, ಹರಳೆಣ್ಣೆ ಸೀಸೆ, ಕೆಮ್ಮಿನ ಔಷಧಿ ಬಾಟಲಿ, ಒಂದು ಸಲ ಮಗುವಿನ ಹಾಲಿನ ಬಾಟಲಿ, ನಿಪ್ಪಲ್ ಸಮೇತ. ಈ ಪುಟಕ್ಕೆ ಬರೆಯಲು ಒಪ್ಪಿಕೊಂಡಾಗ ಆ ಪ್ರಶ್ನೆ ಕೇಳುವ ಕೆಲಸ ತಪ್ಪಿತು ಅಂದುಕೊಂಡಿದ್ದೆ. ತಪ್ಪಿಲ್ಲ, ಕೊನೆಯ ಪತ್ರ ನೋಡಿ.

ಪ್ರಶ್ನೆ: ಮೇಡಂ, ಮನೆ ಬಾಗಿಲಿಗೆ ಒಬ್ಬ ಹುಡುಗ ಬಂದ. ನಮ್ಮ ನಲ್ಲಿ ನೀರು ಒಂದು ಲೋಟಕ್ಕೆ, ತಾನು ತಂದ ನೀರು ಇನ್ನೊಂದಕ್ಕೆ ಹಾಕಿ ಎರಡಕ್ಕೂ ಕರೆಂಟಿನ ಕಡ್ಡಿ ಅದ್ದಿದ. ಎರಡೇ ನಿಮಿಷದಲ್ಲಿ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರು ಕಟ್ಟಿತು. ಅವನದ್ದು ತಿಳಿಯಾಗೇ ಇತ್ತು. "ಇದನ್ನೇ ಆಂಟಿ, ನೀವು ದಿನಾ ಕುಡೀತಿರೋದು" ಅಂದ. ಟಿಡಿಎಸ್ ಪೆನ್ನು 96 ತೋರಿಸಿತು. ಹದಿನೆಂಟು ಸಾವಿರದ ಆರ್‌ಒ ಮಷಿನ್ ತಗೊಳ್ಳಲೇಬೇಕಾ?
— ಗೃಹಿಣಿ, ವಿದ್ಯಾನಗರ, ಹಾಸನ

ಆ ಹುಡುಗ ಮತ್ತೆ ಬಂದರೆ ಕಾಫಿ ಕೊಟ್ಟು ಕೂರಿಸಿ. ಆಮೇಲೆ ಅವನ 'ಶುದ್ಧ' ನೀರಿನ ಲೋಟಕ್ಕೆ ನಿಮ್ಮ ಅಡುಗೆಮನೆಯ ಉಪ್ಪು ಒಂದು ಚಿಟಿಕೆ ಹಾಕಿ, ಕಡ್ಡಿ ಅದ್ದಲು ಹೇಳಿ. ಅದೂ ಕೆಸರಾಗುತ್ತದೆ.

ಕೆಸರು ನೀರಿನದ್ದಲ್ಲ, ಕಡ್ಡಿಯದ್ದು. ಅದರಲ್ಲಿ ಕಬ್ಬಿಣದ ಸಲಾಕೆ ಇರುತ್ತದೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ಕೆಳಗೆ ಕೂರುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಹೆಚ್ಚುಕಡಿಮೆ ಹರಿಯುವುದೇ ಇಲ್ಲ, ಹಾಗಾಗಿ ಅದು ತಿಳಿ. ಜಾತ್ರೆಯಲ್ಲಿ ನಾಣ್ಯ ಮಾಯ ಮಾಡುವವನು ಹತ್ತು ರೂಪಾಯಿಗೆ ಸುಮ್ಮನಾಗುತ್ತಾನೆ, ಇವನು ಹದಿನೆಂಟು ಸಾವಿರ ಕೇಳುತ್ತಾನೆ, ಅಷ್ಟೇ.

ಇನ್ನು ಆ ಪೆನ್ನು. ಅದು ಅಳೆಯುವುದು ನೀರು ಎಷ್ಟು ಕರೆಂಟು ಹರಿಸುತ್ತದೆ ಎಂಬುದನ್ನು ಮಾತ್ರ. ಅದರಿಂದ ಲೆಕ್ಕ ಹಾಕಿ ಕರಗಿದ ಲವಣದ, ಅಂದರೆ ಟಿಡಿಎಸ್‌ನ, ಅಂದಾಜು ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಏನೂ ತಕರಾರಿಲ್ಲ. ಬೇರೆ ನೀರೇ ಸಿಗದ ಕಡೆ 2000ದವರೆಗೂ ಬಿಟ್ಟಿದ್ದಾರೆ. ನಿಮ್ಮದು 96. ಅದು ಗೊರೂರಿನ ಹೇಮಾವತಿ ನೀರು, ಘಟ್ಟದ ಮಳೆ ನೀರು. ಅದನ್ನು ಇನ್ನೂ ಸಪ್ಪೆ ಮಾಡಿ ಏನು ಸುಖ? ಆರ್‌ಒ ಅಂದರೆ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಮಷಿನ್. ಮನೆಯ ಆರ್‌ಒದಲ್ಲಿ ಒಂದು ಲೀಟರ್ ಲೋಟಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಮೂರು ಲೀಟರ್ ಮೋರಿಗೆ ಹೋಗುತ್ತದೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಆದರೆ 96 ಬಂತು ಅಂತ ನಿಶ್ಚಿಂತೆಯಾಗಿಯೂ ಇರಬೇಡಿ. ಕಾಮಾಲೆ, ವಾಂತಿಭೇದಿ ತರುವ ಜೀವಿಗಳು ಆ ಪೆನ್ನಿಗೆ ಕಾಣುವುದಿಲ್ಲ. ಕಕ್ಕಸಿನ ನೀರು ಸೇರಿದ ಹೇಮಾವತಿಯೂ ನೂರರ ಆಸುಪಾಸೇ ತೋರಿಸೀತು.

ಜುಲೈಯಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದಾಗ ಬರುವ ನೀರನ್ನು ನೀವು ಫಿಲ್ಟರ್ ಹೌಸಿನಲ್ಲಿ ನೋಡಬೇಕು. ಬೆಲ್ಲದ ಪಾನಕದ ಬಣ್ಣ. ಆರು ಗಾಜಿನ ಜಾರುಗಳಿಗೆ ಒಂದೇ ನೀರು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಆಲಂ, ಅಂದರೆ ಪಟಿಕ, ಹಾಕಿ ತಿರುಗಿಸುತ್ತೇವೆ. ಕಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಹತ್ತಿಯ ಎಳೆ ಹಾಗೆ ಅರಳಿ ಇಳಿಯುತ್ತವೆ. ಯಾವ ಜಾರು ಮೊದಲು ತಿಳಿಯಾಯಿತೋ ಅದೇ ಅವತ್ತಿನ ಅಳತೆ. ಮಾರನೇ ದಿನ ಮಳೆ ಬದಲಾದರೆ ಅಳತೆಯೂ ಬದಲು. ಆಮೇಲೆ ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್. ಮಣ್ಣು ಹೋಗದೆ ಕ್ಲೋರಿನ್ ಹಾಕಿದರೆ ಅರ್ಧ ಕ್ಲೋರಿನ್ ಮಣ್ಣಿನಲ್ಲಿರುವ ಕಸಕ್ಕೇ ಖರ್ಚಾಗುತ್ತದೆ.

ಅಲ್ಲಿಂದ ಹೊರಟ ನೀರು ನಿಮ್ಮ ನಲ್ಲಿಗೆ ಬರುವ ದಾರಿಯೇ ನನಗೆ ಹೆದರಿಕೆ. ನೀರು ಬಿಟ್ಟಾಗ ಪೈಪು ತುಂಬಿರುತ್ತದೆ, ನಿಲ್ಲಿಸಿದಾಗ ಖಾಲಿಯಾಗಿ ಒಳಕ್ಕೆ ಎಳೆಯುತ್ತದೆ. ಬಿರುಕಿದ್ದರೆ ಪಕ್ಕದ ಚರಂಡಿಯ ನೀರನ್ನೂ ಎಳೆಯುತ್ತದೆ. ಅದಕ್ಕೇ ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು ಅನ್ನುವುದು. ನೀರು ಬಂದ ತಕ್ಷಣ ಮೊದಲೆರಡು ಬಿಂದಿಗೆ ಗಿಡಕ್ಕೆ ಹಾಕಿ. ಸಂಪು, ಮೇಲಿನ ಟ್ಯಾಂಕು ಕೊನೆಗೆ ಯಾವಾಗ ತೊಳೆದಿರಿ ಎಂದು ಯಜಮಾನರನ್ನು ಕೇಳಿ, ಅವರ ಮುಖವೇ ಉತ್ತರ ಹೇಳುತ್ತದೆ. ಕುಡಿಯಲು ಕ್ಯಾಂಡಲ್ ಫಿಲ್ಟರಿನಲ್ಲಿ ಸೋಸಿ ಮರಳುವಂತೆ ಕುದಿಸಿದರೆ ಸಾಕು. ಕುದಿಸುವುದು ಬೇಡವೆಂದರೆ ಕ್ರಿಮಿ ಕೊಲ್ಲುವ ಯುವಿ (ನೇರಳಾತೀತ) ದೀಪದ ಸಣ್ಣ ಮಷಿನ್. ಮಷಿನ್ ಮಾರುವವರು ಸಿಟ್ಟಾಗಬಹುದು, ಆಗಲಿ.

ಪ್ರಶ್ನೆ: ನಮ್ಮ ಹುಡುಗನಿಗೆ ಒಂಬತ್ತು ವರ್ಷ. ಹೊಸದಾಗಿ ಬಂದ ಹಲ್ಲುಗಳ ಮೇಲೆ ಕಂದು ಗೀರು, ಮಚ್ಚೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಫ್ಲೋರೈಡ್ ಇರಬಹುದು ಅಂದರು. ನಮ್ಮದು ಬೋರ್ ನೀರು, ಈಗ ಚೆನ್ನಾಗಿ ಕುದಿಸಿ ಕೊಡುತ್ತಿದ್ದೇವೆ. ಇಷ್ಟು ಸಾಕೆ? ಅವನಿಗೊಬ್ಬಳು ಎರಡು ವರ್ಷದ ತಂಗಿ ಇದ್ದಾಳೆ.
— ತೆಂಗು ಬೆಳೆಗಾರ, ಅರಸೀಕೆರೆ ತಾಲ್ಲೂಕು

ಅಣ್ಣಾ, ಕುದಿಸುವುದನ್ನು ಇವತ್ತೇ ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವ ವಸ್ತುವಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತಳದಲ್ಲೇ ಉಳಿಯುತ್ತದೆ. ಹತ್ತು ಲೋಟ ಕುದಿದು ಎಂಟಾದರೆ ಹತ್ತು ಲೋಟದ ಫ್ಲೋರೈಡ್ ಎಂಟರಲ್ಲಿ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ.

ನಾನೂ ಬಾಣಾವರದ ಕಡೆಯವಳೇ. ಕಂದು ಹಲ್ಲಿಗೆ ನಮ್ಮ ಕಡೆ 'ಊರ ಹಲ್ಲು' ಅನ್ನುತ್ತಿದ್ದರು. ಹೆಣ್ಣು ನೋಡಲು ಬಂದಾಗ ನಮ್ಮ ಸೋದರತ್ತೆ ನಗು ಬಂದರೂ ಸೆರಗು ಬಾಯಿಗೆ ಒತ್ತಿಕೊಂಡೇ ಕೂತಿದ್ದಳಂತೆ. ಬಂದವರು 'ನಾಚಿಕೆಯ ಹುಡುಗಿ' ಅಂತ ಮೆಚ್ಚಿಕೊಂಡು ಹೋದರು! ಅಜ್ಜಿಯ ಹಲ್ಲು ಮಾತ್ರ ಮಲ್ಲಿಗೆ ಮೊಗ್ಗು. ಅವಳು ಹುಟ್ಟಿದೂರಿನ ಸೇದೋ ಬಾವಿ ನೀರು ಕುಡಿದು ಬೆಳೆದವಳು. ಲ್ಯಾಬಿಗೆ ಸೇರಿದ ಮೇಲೆ ಮೊದಲ ರಜೆಯಲ್ಲಿ ಊರಿಗೆ ಹೋಗಿ ನಮ್ಮ ಮನೆಯ ಬೋರಿನ ನೀರು ತಂದು ನೋಡಿದೆ: ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ. ಒಂದಕ್ಕಿಂತ ಕಡಿಮೆ ಇರಬೇಕು, ಗತಿಯಿಲ್ಲದಿದ್ದರೆ 1.5. ಅಪ್ಪ ಮಂಡಿ ಮಡಚಲಾಗದೆ ಊಟಕ್ಕೆ ಕುರ್ಚಿ ಕೇಳುತ್ತಿದ್ದುದು ವಯಸ್ಸಿಗೆ ಅಂದುಕೊಂಡಿದ್ದೆವು. ಅದರಲ್ಲಿ ನೀರಿನ ಪಾಲು ಎಷ್ಟೋ, ವಯಸ್ಸಿನ ಪಾಲು ಎಷ್ಟೋ.

ಯಾರೋ ವಿಷ ಸುರಿದದ್ದಲ್ಲ ಇದು. ನಮ್ಮ ಬಯಲುಸೀಮೆಯ ಬಂಡೆಯಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಕೊಳವೆ ಆಳಕ್ಕೆ ಇಳಿದಷ್ಟೂ ನಾವು ಎತ್ತುವುದು ಹಳೆಯ ನೀರನ್ನು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಕೆಟ್ಟಿರುವುದಿಲ್ಲ.

ಮೊದಲು ಪರೀಕ್ಷೆ ಮಾಡಿಸಿ, ಅಂಕಿ ಗೊತ್ತಾಗಲಿ. ಪಂಚಾಯ್ತಿಯಲ್ಲಿ ಪರೀಕ್ಷೆಯ ಕಿಟ್ ಇದ್ದರೆ ಅದರಿಂದ ಅಂದಾಜು ಸಿಗುತ್ತದೆ, ಖಚಿತ ಅಂಕಿಗೆ ಜಿಲ್ಲೆಯ ಲ್ಯಾಬು. ಜಾಸ್ತಿ ಎಂದು ಬಂದರೆ, ನಿಮಗೆ ಆರ್‌ಒ ಸರಿ. ವಿದ್ಯಾನಗರದ ಅಮ್ಮನಿಗೆ ಬೇಡ ಅಂದವಳೇ ನಿಮಗೆ ಬೇಕು ಅನ್ನುತ್ತಿದ್ದೇನೆ, ಗಮನಿಸಿ. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಅಲ್ಲಿಂದ ಕ್ಯಾನ್ ತನ್ನಿ. ಕುಡಿಯಲು ಮಾತ್ರ ಅಲ್ಲ, ಅನ್ನ, ಸಾರು, ಮುದ್ದೆಗೂ ಅದೇ ನೀರು. ಅನ್ನ ಬೇಯುವಾಗ ನೀರಿನ ಜೊತೆ ಫ್ಲೋರೈಡನ್ನೂ ಕುಡಿದುಕೊಳ್ಳುತ್ತದೆ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ದನದ ತೊಟ್ಟಿಗೆ ಬಿಡುವುದನ್ನು ಕಂಡಿದ್ದೇನೆ, ಬೇಡ. ಒಳಗೆ ತಡೆದದ್ದೆಲ್ಲ ಅದರಲ್ಲೇ ಇರುತ್ತದೆ.

ಇನ್ನೆರಡು ದಾರಿ ಇವೆ. ನಾಗಪುರದ 'ನೀರಿ' (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಸಂಸ್ಥೆಯವರು ಆಂಧ್ರದ, ಈಗ ತೆಲಂಗಾಣದ, ನಲ್ಗೊಂಡದ ಹೆಸರಿನಲ್ಲಿ ರೂಪಿಸಿದ್ದು ಒಂದು: ನೀರಿಗೆ ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಕೂರಿಸಿ, ಮೇಲಿನ ತಿಳಿ ಬಸಿಯುವುದು. ಅಗ್ಗ, ಆದರೆ ಪಟಿಕದ ಅಳತೆ ನೀರಿನಿಂದ ನೀರಿಗೆ ಬೇರೆ, ದಿನಾ ಮಾಡುವ ತಾಳ್ಮೆಯೂ ಬೇಕು. ಇನ್ನೊಂದು, ಆಕ್ಟಿವೇಟೆಡ್ ಅಲ್ಯೂಮಿನ ಎಂಬ ಬಿಳಿ ಹರಳಿನ ಫಿಲ್ಟರ್. ಹರಳು ತುಂಬಿದ ಮೇಲೆ ಅದನ್ನು ಕಾಸ್ಟಿಕ್ ಸೋಡ, ಆಮ್ಲದಲ್ಲಿ ತೊಳೆದು ಮತ್ತೆ ತಯಾರು ಮಾಡಬೇಕು. ಊರಿಗೆ ತಂದಿಟ್ಟ ಇಂಥ ಫಿಲ್ಟರುಗಳು ಆರು ತಿಂಗಳು ನಡೆದು ಆಮೇಲೆ ರಾಗಿ ತುಂಬುವ ಡಬ್ಬಿಗಳಾದದ್ದನ್ನು ನೋಡಿದ್ದೇನೆ.

ನನ್ನನ್ನು ಕೇಳಿದರೆ ಮಳೆ ನೀರು. ಸಾವಿರ ಚದರಡಿ ಸೂರು ಇದ್ದು, ವರ್ಷಕ್ಕೆ 600 ಮಿಲಿಮೀಟರ್ ಮಳೆ ಹಿಡಿದರೂ, ಸೋರಿದ್ದು ಆರಿದ್ದು ಕಳೆದು 44 ಸಾವಿರ ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ 9,125. ಹತ್ತು ಸಾವಿರದ ತೊಟ್ಟಿ ಕಟ್ಟಿಸಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ, ಸೊಳ್ಳೆ ಹೋಗದಂತೆ ಬಲೆ ಹಾಕಿ. ಇದನ್ನು ಮಾತ್ರ ಕುದಿಸಿಯೇ ಕುಡಿಯಿರಿ, ಸೂರಿನ ಮೇಲೆ ಕಾಗೆ ಕೂರುತ್ತದೆ.

ಹುಡುಗನ ಹಲ್ಲಿನ ಬಣ್ಣ ನೀರು ಬದಲಿಸಿದರೆ ಹೋಗುವುದಿಲ್ಲ, ಸುಳ್ಳು ಭರವಸೆ ಕೊಡಲಾರೆ. ದೊಡ್ಡವನಾದ ಮೇಲೆ ದಂತವೈದ್ಯರು ಮರೆಮಾಡಿಯಾರು. ತಂಗಿಯ ಶಾಶ್ವತ ಹಲ್ಲು ಒಸಡಿನೊಳಗೆ ಇನ್ನೂ ತಯಾರಾಗುತ್ತಿವೆ. ತೊಟ್ಟಿ ಈ ಮುಂಗಾರಿಗೆ ಮೊದಲೇ ಆಗಲಿ.

ಪ್ರಶ್ನೆ: ಬಾವಿಯಿಂದ ಸೇದಿದಾಗ ತಿಳಿ, ಬಕೆಟ್ಟಿನಲ್ಲಿ ಒಂದು ಗಂಟೆ ಇಟ್ಟರೆ ಕೆಂಪು. ಮೇಲೆ ಎಣ್ಣೆಯಂಥ ಪದರ. ಟೀ ಮಸಿಯಂತಾಗುತ್ತದೆ, ನಮ್ಮನೆಯವರ ಬಿಳಿ ಪಂಚೆಗಳೆಲ್ಲ ಕಾವಿ.
— ಸಕಲೇಶಪುರ ತಾಲ್ಲೂಕು

ಕಬ್ಬಿಣ. ನೆಲದೊಳಗೆ ಗಾಳಿ ಇಲ್ಲದಾಗ ಕರಗಿಕೊಂಡಿರುತ್ತದೆ, ಹೊರಗೆ ಗಾಳಿ ತಾಗಿದೊಡನೆ ತುಕ್ಕಾಗುತ್ತದೆ. ಟೀಯ ಒಗರಿನ ಜೊತೆ ಸೇರಿದರೆ ಕಪ್ಪು, ಹಳೆ ಕಾಲದವರು ಶಾಯಿ ಮಾಡುತ್ತಿದ್ದುದೂ ಹೀಗೇ. ಆ ಪದರವನ್ನು ಕಡ್ಡಿಯಿಂದ ಕದಡಿ ನೋಡಿ. ಗಾಜಿನ ಚೂರಿನ ಹಾಗೆ ಒಡೆದರೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯದ್ದು, ಒಡೆಯದೆ ಸುತ್ತಿಕೊಂಡು ಮತ್ತೆ ಕೂಡಿದರೆ ನಿಜವಾದ ಎಣ್ಣೆ. ಪಂಪಿನಿಂದ ಸೋರುತ್ತಿದೆಯೇ ನೋಡಿಸಿ.

ಇದಕ್ಕೆ ಮಷಿನ್ ಬೇಡ. ತಳದಲ್ಲಿ ಸಣ್ಣ ತೂತು ಕೊರೆದ ಡ್ರಮ್ಮಿನಿಂದ ನೀರು ಎತ್ತರದಿಂದ ಹನಿಹನಿಯಾಗಿ ಬೀಳಲಿ, ಕೆಳಗಿನ ಡ್ರಮ್ಮಿನಲ್ಲಿ ಮರಳು, ಅದರಡಿ ಜಲ್ಲಿ. ಗಾಳಿ ತಾಗಿ ತುಕ್ಕಾದದ್ದು ಮರಳಿನಲ್ಲಿ ನಿಲ್ಲುತ್ತದೆ. ಮರಳು ಕೆಂಪಾದಾಗ ತೊಳೆಯಿರಿ. ಪಂಚೆಗೆ ಬ್ಲೀಚ್ ಹಾಕಬೇಡಿ, ಕಲೆ ಕಚ್ಚಿಕೊಳ್ಳುತ್ತದೆ, ನಿಂಬೆಹಣ್ಣು ಉಜ್ಜಿ.

ಪ್ರಶ್ನೆ: ಅಕ್ಕ, ನಾವು ತೋಟದ ಲೈನ್ ಮನೆಯಲ್ಲಿರುವುದು. ಡಿಸೆಂಬರ್, ಜನವರಿಯಲ್ಲಿ ಹಣ್ಣು ಪಲ್ಪಿಂಗ್ ಶುರುವಾದರೆ ಕೆಳಗಿನ ಹಳ್ಳ ಕಪ್ಪಾಗಿ ನಾರುತ್ತದೆ. ನಮ್ಮ ಬಾವಿ ಹಳ್ಳದ ದಂಡೆಯಲ್ಲೇ. ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೇವೆ. ಹೆಸರು ಹಾಕಬೇಡಿ.
— ಚಿಕ್ಕಮಗಳೂರು ತಾಲ್ಲೂಕು

ಹಾಕಿಲ್ಲ ತಂಗಿ. ಊರೂ ತೆಗೆದಿದ್ದೇನೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆದ ನೀರಿನಲ್ಲಿ ಸಕ್ಕರೆಯಂಥ ಲೋಳೆ ತುಂಬ ಇರುತ್ತದೆ. ಅದು ಹುಳಿಬಂದು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೊದಲು ಮೀನು ತೇಲುತ್ತದೆ, ಆಮೇಲೆ ವಾಸನೆ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ, ಕರಗಿದ್ದು ಹೋಗುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಕ್ಲೋರಿನ್ನನ್ನು ಆ ಲೋಳೆಯೇ ನುಂಗುತ್ತದೆ, ಕ್ರಿಮಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಬಾವಿ ನೀರಿಗೆ ಆ ವಾಸನೆ ಬಂದಿದ್ದರೆ ಕುದಿಸಿಯೂ ಕುಡಿಯಬೇಡಿ. ಪಲ್ಪಿಂಗ್ ಮುಗಿಯುವ ತನಕ ಮೇಲಿನ ದಿಕ್ಕಿನ ಬೇರೆ ನೀರು ಬೇಕು, ಅದನ್ನು ಒದಗಿಸಬೇಕಾದವರು ತೋಟದವರು.

ಆ ನೀರನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ, ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಶುದ್ಧಿ ಮಾಡಬೇಕು. ಒಬ್ಬಳೇ ಹೋಗಿ ಕೇಳಬೇಡ. ಲೈನಿನ ಹೆಂಗಸರೆಲ್ಲ ಸೇರಿ ಪಂಚಾಯ್ತಿಗೆ ಅರ್ಜಿ ಕೊಡಿ, ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಹಳ್ಳ ಕಪ್ಪಾದ ದಿನದ ಫೋಟೊ ಇಟ್ಟುಕೊಳ್ಳಿ, ಫೆಬ್ರವರಿಯಲ್ಲಿ ಅಧಿಕಾರಿ ಬಂದರೆ ಹಳ್ಳ ಹಾಲಿನ ಹಾಗಿರುತ್ತದೆ.

ಇನ್ನೊಂದು. ಲೈನಿನ ಕಕ್ಕಸು ಗುಂಡಿಯಾಗಲಿ, ತಿಪ್ಪೆಯಾಗಲಿ ಬಾವಿಗೆ ಐವತ್ತು ಅಡಿಯೊಳಗೆ ಇದೆಯೇ ನೋಡು. ಅಲ್ಲಿಂದ ನೈಟ್ರೇಟ್ ಇಳಿಯುತ್ತದೆ. ಅದಕ್ಕೆ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದರ ಮೇಲೆ ರಿಯಾಯಿತಿಯೇ ಇಲ್ಲ. ದೊಡ್ಡವರು ತಡೆದುಕೊಂಡಾರು. ಆರು ತಿಂಗಳೊಳಗಿನ ಕೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಇದೂ ಕುದಿಸಿದರೆ ಹೋಗುವುದಿಲ್ಲ.

ಪ್ರಶ್ನೆ: ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ನಮ್ಮಲ್ಲಿ ಒಬ್ಬರು ಬಂದು ಅರ್ಧ ಚೀಲ ಸುರಿದು ಹೋದರು. ಮೂರು ದಿನ ದನವೂ ಮೂಸಲಿಲ್ಲ.
— ನಿವೃತ್ತ ಮೇಷ್ಟ್ರು, ಬೇಲೂರು ತಾಲ್ಲೂಕು

ಲೆಕ್ಕದ ಮೇಷ್ಟ್ರಾಗಿದ್ದರೆ ಖುಷಿ. ಬಾವಿಯ ಅಗಲ ಅಡಿಯಲ್ಲಿ ಅಳೆಯಿರಿ. ಅಗಲ ಗುಣಿಸು ಅಗಲ ಗುಣಿಸು ನೀರಿನ ಆಳ ಗುಣಿಸು 22, ಅಷ್ಟು ಲೀಟರ್. ಎಂಟು ಅಡಿ ಅಗಲ, ಹನ್ನೆರಡು ಅಡಿ ನೀರಿದ್ದರೆ ಸುಮಾರು 17 ಸಾವಿರ ಲೀಟರ್. ತಿಳಿ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ, ಅಂದರೆ ಒಟ್ಟು 42 ಗ್ರಾಂ. ಅರ್ಧ ಚೀಲವೆಲ್ಲಿ, ಒಂದು ಹಿಡಿಯೆಲ್ಲಿ!

ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಅದು ಬಾವಿಗೆ ಬೇಡ, ಗಡಸಾಗುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಮಾಡಿದರೆ ಬೆಳಿಗ್ಗೆ ಸೇದಬಹುದು. ಒಂದು ಗಂಟೆಯ ನಂತರ ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ನೀರು ಕೊಳಕಾಗಿದೆ ಅಥವಾ ಪುಡಿ ಸತ್ತಿದೆ. ಚೀಲದ ಬಾಯಿ ತೆರೆದಿಟ್ಟರೆ ಪುಡಿ ತಿಂಗಳೊಪ್ಪತ್ತಿನಲ್ಲಿ ಬರೀ ಸುಣ್ಣ. ಪ್ರವಾಹದ ಕೆಸರು ನುಗ್ಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮೊದಲು ನೀರೆತ್ತಿ ಹೂಳು ತೆಗೆಸಿ.

ಪ್ರಶ್ನೆ: ತೊಗರಿಬೇಳೆ ನಾಲ್ಕು ವಿಷಲ್ ಕೂಗಿದರೂ ಬೇಯುವುದಿಲ್ಲ. ಸ್ನಾನದ ಹಂಡೆಯೊಳಗೆ ಬಿಳಿ ಚಕ್ಕೆ.
— ಚನ್ನರಾಯಪಟ್ಟಣ

ಗಡಸು ನೀರು. ಮೊದಲೇ ಕುದಿಸಿ, ಆರಿಸಿ, ಬಸಿದ ನೀರಿನಲ್ಲಿ ಬೇಳೆ ಹಾಕಿ. ಹಂಡೆಗೆ ಹುಣಸೆಹುಳಿ. ಅಡುಗೆ ಸೋಡ ಹಾಕಿದರೆ ಬೇಳೆ ಬೇಯುತ್ತದೆ, ಬಿ ಜೀವಸತ್ವ ಹೋಗುತ್ತದೆ. ಹಲ್ಲು ಮೂಳೆಗೆ ಗಡಸಿನಿಂದ ಕೇಡಿಲ್ಲ, ತೊಂದರೆಯೆಲ್ಲ ಸೋಪಿಗೆ ಮತ್ತು ಗ್ಯಾಸಿಗೆ.

ಪ್ರಶ್ನೆ: ಮೇಡಂ, ನೀರಿನ ಸ್ಯಾಂಪಲ್ಲನ್ನೇ ಪತ್ರದ ಜೊತೆ ಕಳಿಸಿದ್ದೇನೆ. ಕ್ರಿಮಿ ಇದೆಯಾ ನೋಡಿ ಹೇಳಿ.
— ಕಡೂರಿನ ಓದುಗ

ಬಂದು ತಲುಪಿತು. ಹನ್ನೊಂದು ದಿನಕ್ಕೆ. ಮೇಲೆ ಎಣ್ಣೆ ತೇಲುತ್ತಿದೆ, ಒಂದು ಸಾಸಿವೆ ಕಾಳೂ ಇದೆ. ನಿಮ್ಮ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಚೆನ್ನಾಗಿ ಹಾಕುತ್ತಾರೆ ಅನ್ನುವುದು ಗೊತ್ತಾಯಿತು, ನೀರಿನ ವಿಷಯ ಏನೂ ಗೊತ್ತಾಗಲಿಲ್ಲ.

ಕ್ರಿಮಿ ಪರೀಕ್ಷೆಗೆ ಲ್ಯಾಬಿನವರೇ ಶುದ್ಧಿ ಮಾಡಿದ ಬಾಟಲಿ ಕೊಡುತ್ತಾರೆ, ಕೇಳಿ ತನ್ನಿ. ನಲ್ಲಿಯ ಬಾಯಿ ಒರೆಸಿ, ಬೆಂಕಿ ತೋರಿಸಿ, ಎರಡು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಗೆ ಬೆರಳು ತಾಗದಂತೆ ತುಂಬಿ. ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ತಲುಪಿಸಿ, 24 ಗಂಟೆ ದಾಟಬಾರದು. ಬಾಟಲಿಯ ತಳದಲ್ಲಿ ಒಂದು ಹನಿ ಇದ್ದರೆ ಗಲೀಜು ಅಂತ ತೊಳೆದುಬಿಡಬೇಡಿ, ಅದು ಥಯೋಸಲ್ಫೇಟ್. ನೀರಿನಲ್ಲಿರುವ ಕ್ಲೋರಿನ್ನನ್ನು ಅದು ಮುರಿಯುತ್ತದೆ. ಇಲ್ಲದಿದ್ದರೆ ಲ್ಯಾಬಿಗೆ ಬರುವ ದಾರಿಯಲ್ಲೇ ಕ್ಲೋರಿನ್ ಬಾಟಲಿಯೊಳಗಿನ ಕ್ರಿಮಿ ಕೊಂದು, ಕೆಟ್ಟ ನೀರಿಗೂ ಒಳ್ಳೆ ವರದಿ ಕೊಡಿಸುತ್ತದೆ. ಕೆಲಸಕ್ಕೆ ಸೇರಿದ ವರ್ಷ ನಾನೇ ಆ ಹನಿ ಹಾಕಲು ಮರೆತು ಒಂದು ಬೀದಿಯ ಹನ್ನೆರಡೂ ಬಾಟಲಿಗೆ 'ಕುಡಿಯಲು ಯೋಗ್ಯ' ಬರೆದಿದ್ದೆ. ಹಿರಿಯರೊಬ್ಬರು ನೋಡಿ, ಏನೂ ಅನ್ನದೆ, ಹನ್ನೆರಡು ಖಾಲಿ ಬಾಟಲಿ ನನ್ನ ಕೈಗಿಟ್ಟು ಮತ್ತೆ ಆ ಬೀದಿಗೆ ಕಳಿಸಿದರು. ಎರಡನೇ ಸಲ ಐದರಲ್ಲಿ ಕ್ರಿಮಿ ಸಿಕ್ಕಿತು.

ನಿಮ್ಮ ಜಾಡಿ ಚೆನ್ನಾಗಿದೆ, ತೊಳೆದು ಒಣಗಿಸಿ ಇಟ್ಟಿದ್ದೇನೆ. ಹಾಸನಕ್ಕೆ ಬಂದಾಗ ತಗೊಂಡು ಹೋಗಿ. ಬರುವಾಗ ಅದರಲ್ಲಿ ಇರಬೇಕಾದ್ದು ಸ್ವಲ್ಪ ತಂದರೂ ಬೇಡ ಅನ್ನುವುದಿಲ್ಲ.